ಪೆಟ್ಟಿಗೆಯ ತಳದ ದೀನಾರ

ಮನೆಯ ಹಳೆಯ ಪೆಟ್ಟಿಗೆಯಲ್ಲಿ ಬೆಳ್ಳಿಯ ನಾಣ್ಯವೊಂದು ದೊರೆತರೆ ಅದಕ್ಕೆ ಮೊದಲು ಆಗುವ ಉಪಚಾರ ಹುಣಸೆಹಣ್ಣಿನ ಅಭ್ಯಂಜನ. ಎರಡನೆಯದು ಅಕ್ಕಸಾಲಿಗನ ಒರೆಗಲ್ಲು. ಈ ಎರಡು ಸಂಸ್ಕಾರಗಳನ್ನು ದಾಟಿ ಬಲ್ಲವರ ಕೈಸೇರುವ ಹೊತ್ತಿಗೆ ಅದರ ಅಕ್ಷರಗಳು ಅರ್ಧಕ್ಕರ್ಧ ಸವೆದಿರುತ್ತವೆ.

ಹೊಸದುರ್ಗ ತಾಲ್ಲೂಕಿನ ಬಾಗೂರಿನ ಯಾವುದೋ ಹಳೆಯ ಮನೆಯಲ್ಲಿ, ದೀಪಾವಳಿಯ ಲಕ್ಷ್ಮೀಪೂಜೆಗೆಂದು ಅಜ್ಜಿಯ ಕಾಲದ ಗಂಟು ಬಿಚ್ಚಿದಾಗ, ಪರದೇಶದ ಅರಸನ ಮುಖವುಳ್ಳ ಬಿಲ್ಲೆಯೊಂದು ಉರುಳಿತೆಂದು ಭಾವಿಸೋಣ. "ಇದು ರೋಮಿನದಿರಬಹುದೇ?" ಎಂದು ಮನೆಯ ಹುಡುಗ ಕೇಳಿದರೆ ಹಿರಿಯರು ನಗಬೇಕಾದುದಿಲ್ಲ. ಅದೇ ಜಿಲ್ಲೆಯ ಚಂದ್ರವಳ್ಳಿಯ ಮಣ್ಣಿನಲ್ಲಿ ರೋಮಿನ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿ ನಾಣ್ಯಗಳು ದೊರೆತಿವೆ. ಬೆಂಗಳೂರಿನ ಯಶವಂತಪುರದ ಬಳಿ 1891ರಲ್ಲಿ ಇಂಥ 163 ನಾಣ್ಯಗಳು ಒಂದೆಡೆಯೇ ಸಿಕ್ಕವು.

ಆದರೂ ಆತುರ ಸಲ್ಲದು. ನಾಣ್ಯದ ಮೇಲೆ ಇಸವಿಯ ಅಂಕಿ ಇದ್ದರೆ ಅದು ರೋಮಿನದಲ್ಲ. ರೋಮನರು ಈ ಬಗೆಯಲ್ಲಿ ಇಸವಿಯನ್ನು ಅಚ್ಚೊತ್ತುತ್ತಿರಲಿಲ್ಲ. ಅದು ವಿಕ್ಟೋರಿಯಾ ರಾಣಿಯ ರೂಪಾಯಿಯೋ, ಘಟಸರ್ಪವನ್ನು ಇರಿಯುವ ಕುದುರೆ ಸವಾರನುಳ್ಳ ಸವರನ್ನೋ ಆಗಿದ್ದೀತು. ತೆಳುವಾದ ಚಿನ್ನದ ಬಿಲ್ಲೆಯಲ್ಲಿ ಒಬ್ಬ ಸಂತನ ಮುಂದೆ ಇನ್ನೊಬ್ಬ ಮೊಣಕಾಲೂರಿದ್ದರೆ ಅದು ವೆನಿಸ್ ನಗರದ ಡ್ಯುಕಾಟ್. ದಕ್ಷಿಣದ ಹೆಂಗಸರ ಕೊರಳ ಸರಗಳಲ್ಲಿ ಅದು ಬಹುಕಾಲ ಮೆರೆದಿತ್ತು.

ಈ ಜರಡಿಯಲ್ಲಿ ಉಳಿದುದನ್ನು ತಕ್ಕಡಿಗೆ ಹಾಕಬೇಕು. ರೋಮಿನ ಬೆಳ್ಳಿ ನಾಣ್ಯದ ಹೆಸರು ಡಿನೇರಿಯಸ್. ಸಂಸ್ಕೃತದ 'ದೀನಾರ' ಇದರಿಂದಲೇ ಹುಟ್ಟಿದ ಮಾತು. ಆಗಸ್ಟಸನ ಕಾಲದ ಡಿನೇರಿಯಸ್ ನಾಲ್ಕು ಗ್ರಾಂಗೆ ತುಸು ಕಡಿಮೆ ತೂಗುತ್ತದೆ. ಹಳೆಯ ಬೆಳ್ಳಿ ರೂಪಾಯಿಯ ತೂಕದ ಮೂರನೆಯ ಒಂದು ಪಾಲು ಎಂದರೆ ಸರಿಯಾದೀತು: ಪಾವಲಿಗಿಂತ ಭಾರ, ಎಂಟಾಣೆಗಿಂತ ಹಗುರ.

ಬಳಿಕ ಭೂತಗನ್ನಡಿ ಹಿಡಿದು ನೋಡಬೇಕು. ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಕಾಣಸಿಗುವ ಡಿನೇರಿಯಸ್‌ಗಳು ಎರಡು ಬಗೆಯವು. ಮೊದಲನೆಯದು ಆಗಸ್ಟಸನದು: ಹಿಂಬದಿಯಲ್ಲಿ ಅವನ ಮೊಮ್ಮಕ್ಕಳಾದ ಗೇಯಸ್ ಮತ್ತು ಲೂಸಿಯಸ್ ನಿಂತಿದ್ದಾರೆ, ನಡುವೆ ಗುರಾಣಿಗಳೂ ಭರ್ಜಿಗಳೂ ಇವೆ. ಎರಡನೆಯದು ಟೈಬೀರಿಯಸನದು: ಹಿಂಬದಿಯಲ್ಲಿ ಪೀಠದ ಮೇಲೆ ಕುಳಿತ ಹೆಂಗಸು. ಅವಳು ಚಕ್ರವರ್ತಿಯ ತಾಯಿ ಲಿವಿಯಾ ಎಂದು ವಿದ್ವಾಂಸರ ಊಹೆ. ಅಕ್ಷರಗಳು ಲ್ಯಾಟಿನಿನವು, ಇಂಗ್ಲಿಷಿನಲ್ಲಿ 'ಯು' ಬರೆಯುವ ಕಡೆ ಅಲ್ಲಿ 'ವಿ' ಇರುತ್ತದೆ.

ಈ ಗುರುತುಗಳೆಲ್ಲ ಕೂಡಿದರೂ ವಂಚನೆಗೆ ಎಡೆಯುಂಟು. ನಿಜವಾದ ನಾಣ್ಯವನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆದು ಮಾಡಿದ್ದಾರೆ. ಆದುದರಿಂದ ಚಿತ್ರ ಒಂದು ಕಡೆಗೆ ಸರಿದಿರಬಹುದು, ಅಂಚು ಸೀಳಿರಬಹುದು, ಅದು ದೋಷವಲ್ಲ. ಅಂಚಿನ ಸುತ್ತಲೂ ಬೆಸುಗೆಯಂಥ ಗೆರೆ, ಮೈಮೇಲೆ ಗುಳ್ಳೆಯೊಡೆದ ಸಣ್ಣ ಕುಳಿಗಳು ಇದ್ದರೆ ಎರಕ ಹೊಯ್ದ ನಕಲೆಂದು ಶಂಕಿಸಬೇಕು. ಮುಖದ ಮೇಲೆ ಉಳಿಯ ಏಟು ಕಂಡರೆ ಮಾತ್ರ ಎಸೆಯಬಾರದು. 1898ರಲ್ಲಿ ಪುದುಕ್ಕೋಟೈ ಸಂಸ್ಥಾನದಲ್ಲಿ ದೊರೆತ 501 ಚಿನ್ನದ ರೋಮನ್ ನಾಣ್ಯಗಳಲ್ಲಿ ಬಹುಪಾಲು ಚಕ್ರವರ್ತಿಗಳ ತಲೆಗೆ ಇಂಥ ಏಟು ಬಿದ್ದಿದೆ.

ಇಷ್ಟು ದೂರದ ಹಣ ನಮ್ಮ ಬಯಲುಸೀಮೆಗೆ ಬಂದುದು ವ್ಯಾಪಾರದ ಬೆನ್ನೇರಿ. ಮೆಣಸು, ಮುತ್ತು, ನವುರಾದ ಅರಿವೆಗಳಿಗಾಗಿ ಭಾರತ ಪ್ರತಿವರ್ಷವೂ ಐದು ಕೋಟಿ ಸೆಸ್ಟರ್ಸ್‌ಗಳನ್ನು ಸೆಳೆಯುತ್ತಿದೆ ಎಂದು ರೋಮಿನ ಪ್ಲಿನಿ ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ಗೊಣಗಿದನು. ನಾಲ್ಕು ಸೆಸ್ಟರ್ಸ್‌ಗೆ ಒಂದು ಡಿನೇರಿಯಸ್. ಲೆಕ್ಕ ಹಾಕಿದರೆ ಒಂದೂಕಾಲು ಕೋಟಿ ಬೆಳ್ಳಿಯ ಬಿಲ್ಲೆಗಳು.

ಆದರೆ ನಾಣ್ಯ ಯಾರದೆಂದು ತಿಳಿದ ಮಾತ್ರಕ್ಕೆ ಅದರ ಗುರುತು ಮುಗಿಯುವುದಿಲ್ಲ. ಅದು ಎಲ್ಲಿ ದೊರೆಯಿತು, ಜೊತೆಗೆ ಏನಿತ್ತು ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಚಂದ್ರವಳ್ಳಿಯೇ ಇದಕ್ಕೆ ಸಾಕ್ಷಿ. ಚಿತ್ರದುರ್ಗದ ಬೆಟ್ಟದ ಮಗ್ಗುಲಿನ ಆ ಕಣಿವೆಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವ್ಹೀಲರರೂ ಉತ್ಖನನ ನಡೆಸಿದರು. ಅಲ್ಲಿ ಶಾತವಾಹನರ ಕಾಲದ ಸೀಸದ ಕಾಸುಗಳು, ಮಡಕೆಯ ಚೂರುಗಳು, ರೋಮಿನ ಡಿನೇರಿಯಸ್‌ಗಳು ದೊರೆತವು. ಮಡಕೆಯ ಚೂರು ತನ್ನ ವಯಸ್ಸನ್ನು ತಾನೇ ಹೇಳಲಾರದು. ಅದೇ ಪದರದಲ್ಲಿ ಟೈಬೀರಿಯಸನ ನಾಣ್ಯವಿದ್ದರೆ, ಆ ಪದರ ಅವನು ಪಟ್ಟವೇರಿದ ಕ್ರಿಸ್ತಶಕ 14ಕ್ಕಿಂತ ಹಿಂದಿನದಲ್ಲವೆಂದು ಖಂಡಿತವಾಗಿ ಹೇಳಬಹುದು. ಒಂದು ಬಿಲ್ಲೆಯ ಬೆಳಕಿನಲ್ಲಿ ಒಂದು ಊರಿನ ಬಾಳು ಕಾಣುತ್ತದೆ. ಅದೇ ಬಿಲ್ಲೆ ಸಂತೆಯ ವ್ಯಾಪಾರಿಯ ಚೀಲಕ್ಕೆ ಬಿದ್ದರೆ ನಾಲ್ಕು ಗ್ರಾಂ ಬೆಳ್ಳಿ, ಅಷ್ಟೆ.

ಆದಕಾರಣ ಬಾಗೂರಿನ ಆ ಮನೆಯವರು ಮಾಡಬೇಕಾದ ಕೆಲಸ ಬಹಳವಿಲ್ಲ. ನಾಣ್ಯವನ್ನು ತಿಕ್ಕದೆ, ಬಳೆ ಕೂಡಿಸದೆ ಮೆತ್ತನೆಯ ಕಾಗದದಲ್ಲಿ ಸುತ್ತಿಡಲಿ. ಅಜ್ಜಿಗೆ ಅದು ತೌರಿನಿಂದ ಬಂತೇ, ಹೊಲ ಉಳುವಾಗ ಸಿಕ್ಕಿತೇ ಎಂಬುದನ್ನು ಬಲ್ಲ ಹಿರಿಯರಿಂದ ಕೇಳಿ ಈಗಲೇ ಬರೆದಿಡಲಿ. ನಾಣ್ಯ ಎರಡು ಸಾವಿರ ವರ್ಷ ಉಳಿದೀತು, ಹಿರಿಯರ ನೆನಪು ಉಳಿಯಲಾರದು. ಎರಡು ಬದಿಯ ಚಿತ್ರ ತೆಗೆಸಿ ಚಿತ್ರದುರ್ಗದ ಸರ್ಕಾರಿ ವಸ್ತುಸಂಗ್ರಹಾಲಯದವರಿಗೆ ತೋರಿಸಲಿ. ನೆಲದೊಳಗೆ ಹೂತಿದ್ದ ನಿಧಿ ಕಂಡಲ್ಲಿ ಜಿಲ್ಲಾಧಿಕಾರಿಗಳಿಗೆ ಬರಹದ ಮೂಲಕ ತಿಳಿಸಬೇಕೆಂಬ ಕಟ್ಟಳೆ 1878ರ ನಿಧಿ ಕಾಯಿದೆಯಿಂದಲೂ ಇದೆ. 1972ರ ಕಾಯಿದೆಯಂತೆ ಇಂಥ ಪ್ರಾಚೀನ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ.

ಪರೀಕ್ಷೆಯಲ್ಲಿ ಅದು ವಿಕ್ಟೋರಿಯಾ ರೂಪಾಯಿಯೆಂದೇ ತೀರ್ಮಾನವಾದರೂ ನಷ್ಟವೇನೂ ಇಲ್ಲ. ಲಕ್ಷ್ಮೀಪೂಜೆಯ ತಟ್ಟೆಯಲ್ಲಿ ಅದಕ್ಕೆ ಸ್ಥಳವುಂಟು. ರೋಮಿನದೇ ಆದರೆ, ಹುಣಸೆಹಣ್ಣು ಅಂದು ಸಾರಿಗೆ ಮೀಸಲಾಗಲಿ.