ಸಂಡೂರಿನ ಸೂಜಿ, ಕಂಪ್ಲಿಯ ಕಬ್ಬು

ಉದ್ಯಮವೊಂದರ ಏಳಿಗೆಯನ್ನು ವಿಚಾರಿಸುವಾಗ ನಾವು ಅದರ ಬಂಡವಾಳವನ್ನೂ ಯಂತ್ರಗಳನ್ನೂ ಒಡೆಯನ ಜಾಣತನವನ್ನೂ ಎಣಿಸುತ್ತೇವೆಯೇ ಹೊರತು, ಅದು ಯಾರಿಂದ ಕೊಳ್ಳುತ್ತದೆ, ಯಾರಿಗೆ ಮಾರುತ್ತದೆ, ಕೊಂಡವರ ಮಾತು ಮರಳಿ ಯಾರ ಕಿವಿಗೆ ಬೀಳುತ್ತದೆ ಎಂದು ಕೇಳುವುದು ವಿರಳ. ಹೊಸಪೇಟೆ, ಸಂಡೂರು, ಕಂಪ್ಲಿಗಳ ಈಚಿನ ದಶಕಗಳ ಏಳುಬೀಳುಗಳನ್ನು ಬಲ್ಲವರಿಗೆ ಈ ಕಡೆಯ ಪ್ರಶ್ನೆಯೇ ಮೊದಲನೆಯದೆಂದು ತೋರದೆ ಇರದು.

ಸಂಡೂರಿನ ಲಂಬಾಣಿ ಕಸೂತಿಯನ್ನೇ ತೆಗೆದುಕೊಳ್ಳೋಣ. ತಾಂಡಾದ ಹೆಣ್ಣುಮಗಳು ತನಗೆಂದು ಹೊಲಿದುಕೊಳ್ಳುವ ಫೇಟಿಯಾ ಎಂಬ ಲಂಗಕ್ಕೂ ಕಾಂಚಳಿ ಎಂಬ ರವಿಕೆಗೂ ಕನ್ನಡಿ, ಕವಡೆ, ನಾಣ್ಯಗಳು ಎಷ್ಟು ಹೆಚ್ಚಿದರೆ ಅಷ್ಟು ಶೋಭೆ. ಕಿಲನ್, ವೆಲೆ, ಮಾಕಿ, ರೇಲೋ ಮೊದಲಾದ ಹೊಲಿಗೆಗಳನ್ನು ಮಗಳು ತಾಯಿಯಿಂದ ಕಲಿತದ್ದು ಮಾರುವುದಕ್ಕಾಗಿ ಅಲ್ಲ. 1980ರ ದಶಕದಲ್ಲಿ, ಸಂಡೂರಿನ ಹಿಂದಿನ ಅರಸರಾದ ಘೋರ್ಪಡೆ ಮನೆತನದ ಆಸ್ಥೆಯಿಂದ, ಸಂಡೂರು ಕುಶಲ ಕಲಾ ಕೇಂದ್ರವು ಹುಟ್ಟಿ, ಈ ಕೈಗಳಿಗೂ ದೂರದ ನಗರಗಳ ಅಂಗಡಿಗಳಿಗೂ ವಸ್ತ್ರವಿನ್ಯಾಸಕರಿಗೂ ನಂಟು ಬೆಳೆದ ಮೇಲೆ, ಹೊಲಿಗೆ ಅದೇ ಉಳಿದು ವಸ್ತು ಬೇರೆಯಾಯಿತು. ದಿಂಬಿನ ಹೊದಿಕೆಯ ನಟ್ಟನಡುವೆ ಕನ್ನಡಿಯಿದ್ದರೆ ತಲೆಯಿಟ್ಟವರ ಕೆನ್ನೆಗೆ ಒತ್ತುವುದು. ಅದು ಅಂಚಿಗೆ ಸರಿಯಬೇಕು. ಒಂದೇ ಬಗೆಯ ನೂರು ಚೀಲ ಬೇಕೆಂದರೆ ನೂರರಲ್ಲಿಯೂ ಅಳತೆ ತಪ್ಪಬಾರದು, ಒಗೆದರೆ ಬಣ್ಣ ಬಿಡಬಾರದು. ಇವು ತಾಂಡಾದ ಜಗುಲಿಯಲ್ಲಿ ಕುಳಿತು ಊಹಿಸತಕ್ಕ ಸಂಗತಿಗಳಲ್ಲ. ಬಳಸುವವರಿಂದ ಅಂಗಡಿಗೆ, ಅಂಗಡಿಯಿಂದ ಕೇಂದ್ರಕ್ಕೆ, ಕೇಂದ್ರದಿಂದ ಸೂಜಿ ಹಿಡಿದವಳಿಗೆ ತಲಪಬೇಕಾದ ವಾರ್ತೆಗಳು. ಈ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2023ರ ಜುಲೈಯಲ್ಲಿ ಹಂಪೆಯಲ್ಲಿ ಜಿ20 ಸಂಸ್ಕೃತಿ ಕಾರ್ಯಪಡೆಯ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಹೊಲಿದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯನ್ನೂ ಸೇರಿತು. ಕನ್ನಡಿಯು ಅಂಚಿಗೆ ಸರಿದದ್ದೇ ನನಗೆ ದಾಖಲೆಗಿಂತ ಹಿರಿದಾಗಿ ಕಾಣುತ್ತದೆ.

ಅದೇ ಸಂಡೂರಿನ ಬೆಟ್ಟಗಳಿಂದ ಇಳಿದ ಕಬ್ಬಿಣದ ಅದಿರಿನ ಕಥೆ ಬೇರೆ. ಟನ್ನಿನ ಲೆಕ್ಕದಲ್ಲಿ ಮಾರಿದ ಅದಿರಿಗೆ ಹಣ ಬಂದಿತು; ಕೊಂಡವನಿಂದ ಕಲಿಯಬಹುದಾಗಿದ್ದ ವಿದ್ಯೆ ಬರಲಿಲ್ಲ. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆದಾಗ (ತಡೆಯದೆ ಗತ್ಯಂತರವೂ ಇರಲಿಲ್ಲ) ಸಾಲುಸಾಲು ಲಾರಿಗಳು ನಿಂತುಹೋದವು. ಅವನ್ನೇ ನಂಬಿದ್ದ ಗ್ಯಾರೇಜು, ಟೈರಿನ ಅಂಗಡಿ, ಢಾಬಾಗಳು ಒಟ್ಟಿಗೆ ಕುಸಿದವು. ವ್ಯಾಪಾರ ಸಂಬಂಧಗಳು ಇದ್ದವು, ಹೇರಳವಾಗಿಯೇ ಇದ್ದವು; ಆದರೆ ಎಲ್ಲವೂ ಒಂದೇ ಗೂಟಕ್ಕೆ ಕಟ್ಟಿದ ಹಗ್ಗಗಳಾಗಿದ್ದವು. ಹೊಸಪೇಟೆಯ ಸಕ್ಕರೆ ಕಾರ್ಖಾನೆ ಬಾಗಿಲು ಮುಚ್ಚಿದಾಗ ಕಬ್ಬಿನ ಬೆಳೆಗಾರರು ಉಂಡದ್ದೂ ಇದೇ ನೋವು.

ನ್ಯೂಯಾರ್ಕಿನ ಉಡುಪು ತಯಾರಿಕೆಯ ಸಂಸ್ಥೆಗಳನ್ನು ಅಭ್ಯಸಿಸಿ ಬ್ರಯನ್ ಉಜ್ಜಿ ಎಂಬ ವಿದ್ವಾಂಸರು 1996ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ನೆಚ್ಚಿನ ನಂಟುಗಳುಳ್ಳ ಸಂಸ್ಥೆ ಮುಳುಗುವ ಸಂಭವ ಕಡಿಮೆಯೆಂದೂ, ವ್ಯವಹಾರವೆಲ್ಲ ಆಪ್ತವಲಯದೊಳಗೇ ಸುತ್ತತೊಡಗಿದರೆ ಆ ಅಪಾಯ ಮತ್ತೆ ತಲೆಯೆತ್ತುವುದೆಂದೂ ತೋರಿಸಿದ್ದಾರೆ. ನಮ್ಮ ಲಾರಿ ಮಾಲೀಕರಿಗೆ ಇದನ್ನು ತಿಳಿಯಲು ಪ್ರಬಂಧ ಬೇಕಾಗಲಿಲ್ಲ.

ಆದಕಾರಣ ಹಂಪೆಯ ಯಾತ್ರಿಕರನ್ನು ಆಶ್ರಯಿಸಿದ ಹೊಸಪೇಟೆಯ ಹೋಟೆಲುಗಳೂ, ಕಂಪ್ಲಿಯ ಆಲೆಮನೆಗಳೂ, ಆನೆಗೊಂದಿಯಲ್ಲಿ ಬಾಳೆನಾರಿನಿಂದ ಬುಟ್ಟಿ ಚೀಲಗಳನ್ನು ಹೆಣೆಯುವವರೂ, ಸಂಡೂರಿನ ಕಸೂತಿಯವರೂ ಪರಸ್ಪರ ಗಿರಾಕಿಗಳಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಹೋಟೆಲಿನವನು ಬೆಲ್ಲ ಕೊಂಡು, ಅತಿಥಿಗೆ ಕಿಲೋ ಅಚ್ಚು ಭಾರವಾಯಿತು, ತುತ್ತಿನಷ್ಟು ಸಣ್ಣ ಅಚ್ಚು ಬೇಕು ಎಂದು ಆಲೆಮನೆಗೆ ಹೇಳಿಕಳುಹಿಸಿದ ದಿನ ಹೊಸ ಪದಾರ್ಥವೊಂದು ಹುಟ್ಟುತ್ತದೆ. ಇದಕ್ಕೆ ಅಡ್ಡಿಯಾಗಿರುವುದು ದೂರವಲ್ಲ, ಜಿಲ್ಲೆಗಳ ಗಡಿ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಂದಿನಿಂದ ಹೊಸಪೇಟೆ, ಹಂಪೆಗಳು ಒಂದು ಜಿಲ್ಲೆಯಲ್ಲಿಯೂ ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೂ ಇವೆ. ಹೊಳೆಯಾಚೆಯ ಆನೆಗೊಂದಿ ಕೊಪ್ಪಳಕ್ಕೆ ಸೇರಿದೆ. ಮೂರು ಜಿಲ್ಲೆಗಳ ಕೈಗಾರಿಕಾ ಕೇಂದ್ರಗಳು ಒಂದುಗೂಡಿ, ಕೊಳ್ಳುವವರನ್ನೂ ತಯಾರಿಸುವವರನ್ನೂ ಹೊಸಪೇಟೆಯಲ್ಲಿ ನಿಯತವಾಗಿ ಒಂದೆಡೆ ಕೂಡಿಸಲಿ. ಆ ಸಭೆಯಲ್ಲಿ ಸೂಜಿ ಹಿಡಿದವಳು ಬರಿಯ ಪ್ರದರ್ಶನದ ಗೊಂಬೆಯಾಗಿ ನಿಲ್ಲದೆ, ಕೊಳ್ಳುವವನ ಎದುರು ಕುಳಿತು, ಒಂದು ಹೊದಿಕೆಗೆ ಎಷ್ಟು ದಿನ ಹಿಡಿಯಿತು, ಎಷ್ಟು ಕೂಲಿ ಸಲ್ಲಬೇಕು ಎಂಬುದನ್ನು ತಾನೇ ಹೇಳುವಂತಾಗಲಿ.