ಡಿಎನ್‌ಎ ಪರೀಕ್ಷೆ ಬೇಕಿರುವುದು ನರ್ಸರಿಯಲ್ಲಿ

ನವಿ ಮುಂಬಯಿಯ ವಾಶಿಯ ಎಪಿಎಂಸಿ ಹಣ್ಣಿನ ಮಾರುಕಟ್ಟೆಯಲ್ಲಿ ಬೇಸಿಗೆ ಬಂತೆಂದರೆ ಅದೇ ತಕರಾರು. ಕರ್ನಾಟಕದಿಂದ ಬಂದ ಹಾಪುಸ್ ಮಾವು ದೇವಗಡ, ರತ್ನಾಗಿರಿಯ ಹೆಸರಿರುವ ಪೇಟಿಗಳಲ್ಲಿ ಕೂತು ಠಾಣೆ, ಡೊಂಬಿವಲಿ, ಕಲ್ಯಾಣದ ಅಂಗಡಿಗಳಿಗೆ ಹೋಗುತ್ತದೆ. ರತ್ನಾಗಿರಿ, ಸಿಂಧುದುರ್ಗ, ರಾಯಗಡ, ಠಾಣೆ, ಪಾಲ್ಘರ್ ಜಿಲ್ಲೆಗಳ ಹಾಪುಸ್‌ಗೆ 2018ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಹಾಗಾಗಿ ಬೇರೆ ಊರಿನ ಹಣ್ಣನ್ನು ಆ ಹೆಸರಿನಲ್ಲಿ ಮಾರುವುದು ಕಾನೂನಿನ ಪ್ರಕಾರವೂ ಅಪರಾಧ. ಹಣ್ಣಿನ ಡಿಎನ್‌ಎ ನೋಡಿದರೆ ಸುಳ್ಳು ಹೊರಬೀಳುತ್ತದೆ ಎಂದು ಗಿರಾಕಿಗೆ ಅನಿಸುವುದು ಸಹಜ.

ಹೊರಬೀಳುವುದಿಲ್ಲ.

ಹಾಪುಸ್ ಕಸಿಯಿಂದ ಬೆಳೆದ ಮರ. ಒಂದು ಮರದ ಕಡ್ಡಿಯನ್ನೇ ಇನ್ನೊಂದು ಬುಡಕ್ಕೆ ಕೂಡಿಸುತ್ತ ಬಂದದ್ದರಿಂದ ಧಾರವಾಡದ ಆಪೂಸು, ಬೆಂಗಳೂರಿನ ಬಾದಾಮಿ, ನವೆಂಬರ್ ಸುಮಾರಿಗೆ ವಾಶಿಗೆ ಬರುವ ಆಫ್ರಿಕಾದ ಮಲಾವಿ ಹಾಪುಸ್ ಎಲ್ಲವೂ ಒಂದೇ ತಳಿ. ಕೊಂಕಣದ ಹಣ್ಣಿನ ಘಮಕ್ಕೆ ಅಲ್ಲಿನ ಜಂಬಿಟ್ಟಿಗೆ ಮಣ್ಣು, ಕಡಲ ಹವೆ ಕಾರಣ. ಡಿಎನ್‌ಎ ತಳಿಯನ್ನು ಹೇಳುತ್ತದೆ, ಊರನ್ನಲ್ಲ. ಊರಿನ ಪ್ರಶ್ನೆಗೆ ದೇವಗಡದ ಬೆಳೆಗಾರರ ಸಹಕಾರಿ ಸಂಘ 2025ರಲ್ಲಿ ತಂದ ಗುರುತಿನ ಸಂಖ್ಯೆಯ ಸ್ಟಿಕರ್‌ನಂಥ ಉಪಾಯವೇ ಸರಿ. ಧಾರವಾಡದ ಬೆಳೆಗಾರರೂ ಇಂಥ ಸ್ಟಿಕರ್ ಹಚ್ಚಿ, ತಮ್ಮ ಊರಿನ ಹೆಸರಿನಲ್ಲೇ ವಾಶಿಗೆ ಹಣ್ಣು ಕಳಿಸಬೇಕು. ಒಳ್ಳೆಯ ಹಣ್ಣಿಗೆ ಇನ್ನೊಬ್ಬರ ಹೆಸರೇಕೆ?

ಡಿಎನ್‌ಎ ಪರೀಕ್ಷೆ ನಿಜಕ್ಕೂ ಬೇಕಿರುವುದು ನರ್ಸರಿಗಳಲ್ಲಿ. ಮೊಣಕಾಲೆತ್ತರದ ಕಸಿಗಿಡದ ಎಲೆ ನೋಡಿ ಅದು ಹಾಪುಸೋ ರತ್ನಾ ಎಂಬ ಬೇರೆ ತಳಿಯೋ ಎಂದು ಖಚಿತವಾಗಿ ಹೇಳುವುದು ಪಳಗಿದವರಿಗೂ ಕಷ್ಟ. ತಪ್ಪು ಗಿಡ ಕೊಂಡ ರೈತನಿಗೆ ಮೋಸ ಗೊತ್ತಾಗುವುದು ನಾಲ್ಕೈದು ವರ್ಷ ನೀರು, ಗೊಬ್ಬರ ಹಾಕಿ ಫಲ ಕಂಡ ಮೇಲೆ. ಕಳೆದ ಆ ವರ್ಷಗಳನ್ನು ಯಾವ ಪರಿಹಾರವೂ ತಂದುಕೊಡದು.

ಪರೀಕ್ಷೆಗೆ ಒಂದು ಎಳೆಯ ಎಲೆ ಸಾಕು. ಡಿಎನ್‌ಎಯ ಕೆಲವು ಜಾಗಗಳಲ್ಲಿ ಎರಡು ಮೂರು ಅಕ್ಷರಗಳ ತುಣುಕು ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಬರುತ್ತದೆ ಎಂಬುದು ತಳಿಯಿಂದ ತಳಿಗೆ ಬೇರೆ. ಅಂಥ ಹಲವು ಜಾಗಗಳನ್ನು ಒಟ್ಟಿಗೆ ನೋಡಿದರೆ ತಳಿಯ ಗುರುತು ಸಿಗುತ್ತದೆ. ಮಾವಿಗೆ ಇಂಥ ಗುರುತುಗಳನ್ನು ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೇ ರೂಪಿಸಿದ್ದಾರೆ. ಪ್ರತಿ ಗುರುತಿನಲ್ಲೂ ಅರ್ಧ ತಾಯಿಯದು, ಅರ್ಧ ತಂದೆಯದು. ಹಾಗಾಗಿ ನೀಲಂ ಮತ್ತು ಹಾಪುಸ್ ಕೂಡಿಸಿ ಪಡೆದ ರತ್ನಾದಂಥ ಮಿಶ್ರತಳಿಯ ಹುಟ್ಟೂ ಇದರಲ್ಲಿ ತಿಳಿಯುತ್ತದೆ.

ಖರ್ಚಿನ ಮಾತು ಇಲ್ಲಿ ನೆಪವಾಗಬಾರದು. ಕಸಿಗಿಡಗಳೆಲ್ಲ ಕಡ್ಡಿ ಕೊಟ್ಟ ತಾಯಿಮರದ ಪಡಿಯಚ್ಚುಗಳಾದ್ದರಿಂದ ಸಾವಿರ ಸಸಿಗಳನ್ನು ಪರೀಕ್ಷಿಸಬೇಕಿಲ್ಲ. ತಾಯಿಮರವನ್ನು ಒಮ್ಮೆ ಪರೀಕ್ಷಿಸಿ, ಮಾರುವ ಸಸಿಗಳಲ್ಲಿ ಅಲ್ಲೊಂದು ಇಲ್ಲೊಂದು ನೋಡಿದರೆ ಆಯಿತು. ನರ್ಸರಿಯ ಪರವಾನಗಿ ನವೀಕರಿಸುವಾಗ ಮಹಾರಾಷ್ಟ್ರ, ಕರ್ನಾಟಕ ಎರಡೂ ಸರ್ಕಾರಗಳು ಆ ವರದಿಯನ್ನು ಕಡ್ಡಾಯವಾಗಿ ಕೇಳಬೇಕು. ಸಸಿಯ ಬಿಲ್ಲಿನ ಮೇಲೆ ತಾಯಿಮರದ ಸಂಖ್ಯೆ ಇರಲೇಬೇಕು.