ಸೀಮೆ ಹಸುವಿನ ಲಾಭ ಯಾರ ಲೆಕ್ಕದಲ್ಲಿ?

ಸೀಮೆ ಹಸು ಕಟ್ಟಿದವನಿಗೆ ನಷ್ಟವಿಲ್ಲವೆಂದು ಸಾಲ ಕೊಡುವವರು ಹೇಳುತ್ತಾರೆ, ಹಿಂಡಿ ಮಾರುವವರು ಹೇಳುತ್ತಾರೆ, ವೇದಿಕೆಯ ಮೇಲೆ ಮಂತ್ರಿಗಳೂ ಹೇಳುತ್ತಾರೆ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸುವ ಮಿಶ್ರತಳಿ ಹಸು ಇಲ್ಲದ ಬೀದಿ ಈಗ ಅಪರೂಪ. ಆದರೆ ಈ ಲಾಭದ ಲೆಕ್ಕ ಬರೆಯುವವರು ಯಾವ ಬಾಬ್ತನ್ನು ಬರೆದು ಯಾವುದನ್ನು ಬಿಟ್ಟಿದ್ದಾರೆ? ನಮ್ಮ ಓದುಗರಲ್ಲಿ ಗಿರಣಿಯಲ್ಲಿ ದುಡಿಯುವವರೂ ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟವರೂ ಹೆಚ್ಚು. ಹಾಲಿನ ದರ ಏರಿದಾಗ ಮೊದಲು ಪೆಟ್ಟು ತಿನ್ನುವವರು ಅವರೇ. ಆದುದರಿಂದ ಈ ಪ್ರಶ್ನೆ ರೈತನಿಗೆಷ್ಟೋ ಅವರಿಗೂ ಅಷ್ಟೇ ಸಂಬಂಧಪಟ್ಟದ್ದು.

ದಿನಕ್ಕೆ 10 ಲೀಟರ್ ಕರೆಯುವ ಹಸುವನ್ನು ತೆಗೆದುಕೊಳ್ಳೋಣ. ಅದರ ಮೈ ಉಳಿಯಲು ಒಂದೂವರೆಯಿಂದ 2 ಕಿಲೋ ಹಿಂಡಿ ಬೂಸಾ ಬೇಕು. ಪ್ರತಿ ಎರಡೂವರೆ ಲೀಟರ್ ಹಾಲಿಗೆ ಮತ್ತೆ 1 ಕಿಲೋ ಬೇಕು. ಒಟ್ಟಿನಲ್ಲಿ 6 ಕಿಲೋ ಹತ್ತಿರ. ಜೊತೆಗೆ 20 ಕಿಲೋ ಹಸಿ ಹುಲ್ಲು, ಐದಾರು ಕಿಲೋ ರಾಗಿ ಹುಲ್ಲು. ಕರು ಹಾಕುವ ಮುಂಚಿನ 2 ತಿಂಗಳು ಹಾಲಿಲ್ಲ. ಮೇವು ಮಾತ್ರ ನಿಲ್ಲುವಂತಿಲ್ಲ. ಡೇರಿಯಲ್ಲಿ ಹಾಲಿನ ಕೊಬ್ಬಿನ ಅಂಶ ಇಳಿದರೆ ದರವೂ ಇಳಿಯುತ್ತದೆ. ಹಿಂಡಿಯ ದರ ಏರಿತೆಂದು ಹಾಲಿನ ದರ ತಾನಾಗಿ ಏರುವುದಿಲ್ಲ.

ಇಷ್ಟಾದರೂ ಬಡವನ ಕೊಟ್ಟಿಗೆಯಲ್ಲಿ ನಾಲ್ಕು ಕಾಸು ಉಳಿಯುವುದು ಹೇಗೆ? ಮನೆಯ ಹೆಂಗಸಿನ ದುಡಿಮೆಗೆ ಬೆಲೆಯೇ ಇಲ್ಲವೆಂದು ಬರೆಯುವುದರಿಂದ. ನಸುಕಿನಲ್ಲೆದ್ದು ಸಗಣಿ ಬಾಚಿ, ಹಾಲು ಕರೆದು, ಹುಲ್ಲು ಕೊಯ್ದು ಹೊತ್ತು ತರುವ ತಾಯಂದಿರಿಗೆ ಕೂಲಿ ಹಾಕಿದರೆ ಲಾಭದ ಅಂಕಣದಲ್ಲಿ ಬಹಳ ಮನೆಗಳಲ್ಲಿ ಏನೂ ನಿಲ್ಲುವುದಿಲ್ಲ. ಸಾಲ ತೆಗೆದು 50 ಹಸುಗಳ ಶೆಡ್ಡು ಹಾಕಿದವರಿಗೆ ಈ ಸತ್ಯ ಬೇಗ ತಿಳಿಯುತ್ತದೆ. ಅವರು ಆಳಿಗೆ ಸಂಬಳ ಕೊಡಬೇಕು, ಮೇವನ್ನು ಕೊಂಡು ತರಬೇಕು. ಗಿರಣಿಯಲ್ಲಿ ಕೂಲಿಯನ್ನು ಅಡಗಿಸಿ ಲಾಭ ತೋರಿಸುವುದನ್ನು ಶೋಷಣೆಯೆನ್ನುವ ನಾವು ಕೊಟ್ಟಿಗೆಯಲ್ಲಿ ಅದನ್ನು ಬೇರೆ ಹೆಸರಿನಿಂದ ಕರೆಯಲಾರೆವು.

ಎರಡನೆಯದು ನೆಲ. 100 ಜಾನುವಾರಿಗೆ 12 ಹೆಕ್ಟೇರ್, ಎಂದರೆ 30 ಎಕರೆ, ಗೋಮಾಳ ಇರಬೇಕೆಂದು 1966ರ ಭೂಕಂದಾಯ ನಿಯಮ ಹೇಳುತ್ತದೆ. ನಿಮ್ಮ ಊರಿನಲ್ಲಿ ಎಷ್ಟು ಉಳಿದಿದೆ, ನೋಡಿ ಬನ್ನಿ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾಯಿತು. ಕಾರ್ಖಾನೆ ಬೇಡವೆನ್ನುವವರು ನಾವಲ್ಲ. ದುಡಿಯುವ ಕೈಗೆ ಕೆಲಸ ಬೇಕು. ಆದರೆ ಕಾವಲು ಎಂದರೆ ದನ ಮೇಯುವ ನೆಲ. ಮೇಯುವ ನೆಲ ಹೋದಷ್ಟೂ ಹಿಂಡಿ ಅಂಗಡಿಯ ಸಾಲ ಬೆಳೆಯುತ್ತದೆ.

ಮೂರನೆಯದು ಗಂಡು ಕರು. ಹುಟ್ಟುವ ಕರುಗಳಲ್ಲಿ ಅರ್ಧ ಗಂಡು. ಹಳ್ಳಿಕಾರ್ ಹೋರಿಗೆ ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಬೆಲೆ ಉಂಟು. ಭುಜವಿಲ್ಲದ, ಬಿಸಿಲು ತಾಳದ ಸೀಮೆ ಹೋರಿಯನ್ನು ನೇಗಿಲಿಗೆ ಕಟ್ಟುವವರಿಲ್ಲ. ಅಮೆರಿಕದಲ್ಲಿ ಇಂಥ ಕರುಗಳನ್ನು ದೊಡ್ಡಿಗಳಲ್ಲಿ ಕೂಡಿ ಧಾನ್ಯ ತಿನ್ನಿಸಿ ಮಾಂಸಕ್ಕೆ ಮಾರುತ್ತಾರೆ. 1 ಕಿಲೋ ತೂಕ ಏರಲು ಸುಮಾರು 6 ಕಿಲೋ ಮೇವು ಬೇಕಾದುದರಿಂದ ಧಾನ್ಯ ದುಬಾರಿಯಾದ ವರ್ಷ ಅಲ್ಲಿಯೂ ಲಾಭ ಕರಗುತ್ತದೆ. ನಮ್ಮಲ್ಲಿ ಆ ದಾರಿಯೇ ಇಲ್ಲ. 1964ರ ಕಾಯಿದೆಯಲ್ಲಿ 12 ವರ್ಷ ಮೀರಿದ ಅಥವಾ ಕೆಲಸಕ್ಕೆ ಬಾರದ ಎತ್ತು ಹೋರಿಗಳನ್ನು ಪ್ರಮಾಣಪತ್ರ ಪಡೆದು ಕಸಾಯಿಗೆ ಕೊಡಬಹುದಿತ್ತು. 2021ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ಕಾನೂನು, 13 ವರ್ಷ ಮೀರಿದ ಎಮ್ಮೆ ಕೋಣಗಳ ಹೊರತು, ಆ ಬಾಗಿಲನ್ನು ಮುಚ್ಚಿತು. ಜನರ ಭಕ್ತಿಯನ್ನು ನಾವು ಹಂಗಿಸುವುದಿಲ್ಲ. ಆ ಭಕ್ತಿಯ ಖರ್ಚನ್ನು ಎರಡು ಹಸು ಕಟ್ಟಿದ ಬಡವಿಯೊಬ್ಬಳೇ ಏಕೆ ಹೊರಬೇಕು ಎಂದಷ್ಟೇ ಕೇಳುತ್ತೇವೆ. ಕಾನೂನು ಮಾಡಿದ ಸರ್ಕಾರ ಕರುವಿನ ಮೇವನ್ನೂ ಕೊಡಬೇಕಲ್ಲವೆ?

ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಘೋಷಿಸಿದೆ. ಅದು ತಿಂಗಳುಗಟ್ಟಲೆ ಬಾಕಿ ಉಳಿದದ್ದೂ ಉಂಟು. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿಗೆ 4 ರೂಪಾಯಿ ಏರಿದಾಗ ಚಹಾ ಅಂಗಡಿಯವನು ರೈತನನ್ನು ಬೈದ, ರೈತ ಹಿಂಡಿಯ ಚೀಟಿ ತೋರಿಸಿದ. ಇವರಿಬ್ಬರೂ ಒಬ್ಬರಿಗೊಬ್ಬರು ಶತ್ರುಗಳಲ್ಲ.

ನಮ್ಮ ಬೇಡಿಕೆಗಳು ಸರಳವಾಗಿವೆ. ಮನೆಯವರ ಕೂಲಿಯನ್ನು ಸೇರಿಸಿ ಹಾಲಿನ ಉತ್ಪಾದನಾ ವೆಚ್ಚವನ್ನು ಪ್ರತಿವರ್ಷ ಬಹಿರಂಗವಾಗಿ ಲೆಕ್ಕ ಹಾಕಬೇಕು. ಗುಬ್ಬಿಯಲ್ಲಿ ಹಾಲು ಮಹಾಮಂಡಲದ್ದೇ ಪಶು ಆಹಾರ ಕಾರ್ಖಾನೆ ಇರುವಾಗ ಹಿಂಡಿಯ ದರವನ್ನು ಹಾಲಿನ ದರಕ್ಕೆ ಗಂಟು ಹಾಕಬೇಕು. ಉಳಿದ ಗೋಮಾಳವನ್ನು ಅಳೆದು, ಒತ್ತುವರಿ ಬಿಡಿಸಿ, ಹಾಲಿನ ಸಂಘಗಳ ಮೂಲಕ ಮೇವು ಬೆಳೆಸಬೇಕು. ನೂರಕ್ಕೆ ತೊಂಬತ್ತರಷ್ಟು ಹೆಣ್ಣು ಕರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯ ಈಗ ದೊರೆಯುತ್ತದೆ; ಅದನ್ನು ಸಣ್ಣ ಹಿಡುವಳಿದಾರರಿಗೆ ಬಿಟ್ಟಿಯಾಗಿ ಕೊಡಬೇಕು. ಆದರೂ ಹುಟ್ಟುವ ಗಂಡು ಕರುವಿನ ಹೊಣೆ ಸರ್ಕಾರದ್ದಾಗಬೇಕು.

ಗಿರಣಿಯ ಗೆಳೆಯರೇ, ಪೇಟೆಯ ಬಂಧುಗಳೇ! ಹಳ್ಳಿಯಲ್ಲಿ ಹಸು ಕಟ್ಟಿರುವವರು ನಿಮ್ಮ ಅಕ್ಕ ತಂಗಿಯರು. ಹಾಲಿನ ದರದ ಸಭೆಗೆ ಅವರೊಡನೆ ನೀವೂ ಬನ್ನಿ, ಲೆಕ್ಕದ ಪುಸ್ತಕವನ್ನು ತೆರೆಸೋಣ.